ದೇರ್‌ಫೋರ್, ಹೆನ್ಸ್, ದಸ್, ಸೋ: ಇಂಗ್ಲಿಷ್ ಬರವಣಿಗೆಯಲ್ಲಿ ತೀರ್ಮಾನದ ಪದಗಳನ್ನು ಸರಿಯಾಗಿ ಬಳಸುವುದು ಹೇಗೆ?

ಡಿಗ್ರಿ ಮಕ್ಕಳ ಪ್ರಾಜೆಕ್ಟ್ ವರದಿ, ಸಂಘದವರ ಮನವಿ, ಕೆಲಸದ ಅರ್ಜಿ. ಕಾರವಾರದಲ್ಲಿ ಕೂತು ಇಂಥ ಇಂಗ್ಲಿಷ್ ಬರಹಗಳನ್ನು ತಿದ್ದಿಕೊಡುವುದು ನನ್ನ ಕೆಲಸ. ಸ್ಪೆಲ್ಲಿಂಗ್ ತಪ್ಪನ್ನು ಈಗ ಕಂಪ್ಯೂಟರೇ ಹಿಡಿಯುತ್ತದೆ. ಅದರ ಕಣ್ಣಿಗೆ ಬೀಳದ ತಪ್ಪು ಬೇರೆ. ಎರಡು ವಾಕ್ಯಗಳ ನಡುವೆ 'ಹೆನ್ಸ್' ಅಂತ ಇರುತ್ತದೆ, ಆದರೆ ಹಿಂದಿನದಕ್ಕೂ ಮುಂದಿನದಕ್ಕೂ ಸಂಬಂಧವೇ ಇರುವುದಿಲ್ಲ. ಕೆಲವೊಮ್ಮೆ ಸಂಬಂಧ ಇರುತ್ತದೆ, ಪದ ತಪ್ಪಿರುತ್ತದೆ. ಎರಡೂ ಸರಿಯಿದ್ದರೆ ಕಾಮಾ ಕೈಕೊಟ್ಟಿರುತ್ತದೆ.

ಶಾಲೆಯಲ್ಲಿ ನಮಗೆ ಈ ಪದಗಳನ್ನೆಲ್ಲ ಒಂದೇ ಪಟ್ಟಿಯಲ್ಲಿ ಕೊಟ್ಟು, ಎಲ್ಲಕ್ಕೂ 'ಆದ್ದರಿಂದ' ಅಂತ ಅರ್ಥ ಬರೆಸಿದ್ದರು. ತೊಂದರೆ ಶುರುವಾಗುವುದು ಅಲ್ಲೇ. ಈ ಪದಗಳು ಒಂದರ ಬದಲು ಇನ್ನೊಂದು ಕೂರುವಂಥವಲ್ಲ.

ಇಲ್ಲಿ ಇಂಗ್ಲಿಷ್ ವಾಕ್ಯಗಳನ್ನೂ ಕನ್ನಡ ಅಕ್ಷರದಲ್ಲೇ ಕೊಟ್ಟಿದ್ದೇನೆ. ಓದುವಾಗ ಕಾಮಾ ಎಲ್ಲಿದೆ, ಸೆಮಿಕೋಲನ್ ಎಲ್ಲಿದೆ ಅಂತ ಗಮನಿಸಿ.

ಹಂತ 1: ಪದ ಹುಡುಕುವ ಮೊದಲು ಸಂಬಂಧ ಯಾವುದು ನೋಡಿ

ಮೊದಲ ವಾಕ್ಯದಿಂದ ಎರಡನೆಯದಕ್ಕೆ ಹೋಗುವ ದಾರಿ ಮುಖ್ಯವಾಗಿ ಮೂರು ಬಗೆಯದು. ಏನೋ ಆಯಿತು. ಏನೋ ಗೊತ್ತಾಯಿತು. ಏನೋ ಮಾಡಿದೆವು.

ಶಿರಸಿ ಕಡೆಯ ಅಡಿಕೆ ತೋಟವನ್ನೇ ತೆಗೆದುಕೊಳ್ಳಿ. ಮಳೆ ಬಿಡದೆ ಹೊಡೆಯಿತು, ಕೊಳೆರೋಗ ಹಬ್ಬಿತು. ಇದು 'ಆಯಿತು'. ಒಂದು ಘಟನೆ ಇನ್ನೊಂದನ್ನು ಹುಟ್ಟಿಸಿದೆ. ನಾವು ಯೋಚಿಸಿದರೂ ಬಿಟ್ಟರೂ ಅದು ನಡೆಯುತ್ತಿತ್ತು.

ಈಗ ಕೈಗಾ ಅಣುವಿದ್ಯುತ್ ಕೇಂದ್ರ. ಅಲ್ಲಿ ವಿದ್ಯುತ್ ಕೊಡುತ್ತಿರುವುದು 220 ಮೆಗಾವ್ಯಾಟಿನ 4 ಘಟಕ. ಅಂದಮೇಲೆ ಒಟ್ಟು ಸಾಮರ್ಥ್ಯ 880 ಮೆಗಾವ್ಯಾಟ್. ಇಲ್ಲಿ ಏನೂ ನಡೆದಿಲ್ಲ. ಇದ್ದ ಮಾಹಿತಿಯಿಂದ ಇನ್ನೊಂದು ಮಾಹಿತಿ ನಮಗೆ ಸಿಕ್ಕಿದೆ. ಇದು 'ಗೊತ್ತಾಯಿತು'. ನಿಜವಾದ ತರ್ಕದ ತೀರ್ಮಾನ ಇದೇ.

ಮೂರನೆಯದು: ಮಳೆ ಜೋರಾಗುತ್ತದೆ ಎಂಬ ಮುನ್ಸೂಚನೆ ಬಂತು, ಡಿಸಿ ಶಾಲೆಗೆ ರಜೆ ಕೊಟ್ಟರು. ಇದು 'ಮಾಡಿದ್ದು'. ಕಾರಣ ನೋಡಿ ಯಾರೋ ಒಂದು ನಿರ್ಧಾರ ತೆಗೆದುಕೊಂಡಿದ್ದಾರೆ.

ಯಾವುದು ಯಾವ ಬಗೆ ಅಂತ ತಿಳಿಯದಿದ್ದರೆ ಕನ್ನಡದಲ್ಲಿ ಹೇಳಿ ನೋಡಿ. 'ಅದರಿಂದ ಹೀಗಾಯಿತು' ಅಂದಾಗ ಹೊಂದಿದರೆ ಮೊದಲನೆಯದು. 'ಅಂದಮೇಲೆ ಹೀಗಿರಲೇಬೇಕು' ಅಂದಾಗ ಹೊಂದಿದರೆ ಎರಡನೆಯದು. 'ಅದಕ್ಕೇ ಹೀಗೆ ಮಾಡಿದರು' ಅಂದರೆ ಮೂರನೆಯದು. ಮೂರೂ ಹೊಂದದಿದ್ದರೆ? ಆಗ ಪದವೇ ಬೇಡ. ಎರಡು ವಾಕ್ಯ ಬೇರೆ ಬೇರೆ ಇರಲಿ. ನನ್ನ ಕೈಗೆ ಬರುವ ವರದಿಗಳಲ್ಲಿ ಅಳಿಸಿದ ಮೇಲೂ ಅರ್ಥ ಕೆಡದ 'ಹೆನ್ಸ್'ಗಳು ಬೇಕಾದಷ್ಟು ಇರುತ್ತವೆ.

ಹಂತ 2: ನಡುವಿನ ಕೊಂಡಿ ಗಟ್ಟಿಯಾಗಿದೆಯೇ ಪರೀಕ್ಷಿಸಿ

ಇದು ವ್ಯಾಕರಣದ ವಿಷಯ ಅಲ್ಲ, ಆದರೂ ನನಗೆ ಎಲ್ಲಕ್ಕಿಂತ ಮುಖ್ಯ ಹಂತ ಇದೇ. ಪದ ಎಷ್ಟು ಚೆಂದ ಇದ್ದರೂ ತರ್ಕ ಸಡಿಲವಿದ್ದರೆ ಪ್ರಯೋಜನವಿಲ್ಲ.

2024ರ ಆಗಸ್ಟ್ 7ರ ನಸುಕಿಗೆ ಕಾರವಾರದ ಕಾಳಿ ನದಿಯ ಹಳೆಯ ಸೇತುವೆ ಕುಸಿಯಿತು. ಒಂದು ಲಾರಿ ನದಿಗೆ ಬಿತ್ತು, ಚಾಲಕನನ್ನು ಬದುಕಿಸಿ ಮೇಲೆ ತಂದರು. ಆ ಸೇತುವೆಗೆ 40 ವರ್ಷ ದಾಟಿತ್ತು. ಈಗ ಈ ವಾಕ್ಯ ನೋಡಿ: 'ದ ಬ್ರಿಜ್ ವಾಸ್ ಓವರ್ 40 ಇಯರ್ಸ್ ಓಲ್ಡ್. ದೇರ್‌ಫೋರ್, ಇಟ್ ಕೊಲ್ಯಾಪ್ಸ್ಡ್.'

ವ್ಯಾಕರಣದಲ್ಲಿ ಏನೂ ತಪ್ಪಿಲ್ಲ. ಆದರೆ ಈ 'ದೇರ್‌ಫೋರ್' ಹೇಳುತ್ತಿರುವುದು ಏನು? 40 ದಾಟಿದ ಸೇತುವೆ ಬಿದ್ದೇ ಬೀಳುತ್ತದೆ ಅಂತ. ಅದಕ್ಕಿಂತ ಹಳೆಯ ಸೇತುವೆಗಳು ಎಷ್ಟೋ ಕಡೆ ನಿಂತಿವೆ, ಬಸ್ಸು ಲಾರಿಗಳನ್ನು ಹೊರುತ್ತಿವೆ. ವಯಸ್ಸು ಒಂದು ಕಾರಣ ಇರಬಹುದು, ಪೂರ್ತಿ ಕಾರಣ ಅಂತ ಹೇಳಲು ಆ ಒಂದು ವಾಕ್ಯ ಸಾಲದು. ಬರೆದವರು ಒಂದು ಮಾತನ್ನು ಮನಸ್ಸಿನಲ್ಲೇ ಇಟ್ಟುಕೊಂಡು ಮುಂದೆ ಹೋಗಿದ್ದಾರೆ. ಹಾಗೆ ಬಚ್ಚಿಟ್ಟ ಮಾತನ್ನು ಹೊರಗೆ ಎಳೆಯುವುದೇ ಈ ಹಂತದ ಕೆಲಸ. ತೀರ್ಮಾನದ ಪದ ಸಿಕ್ಕಿದಲ್ಲೆಲ್ಲ ನಿಂತು, 'ಇದು ನಿಜ ಆಗಬೇಕಾದರೆ ಇನ್ನೇನು ನಿಜ ಇರಬೇಕು?' ಅಂತ ಕೇಳಿಕೊಳ್ಳಿ. ಉತ್ತರ ಎಲ್ಲರೂ ಒಪ್ಪುವಂಥದ್ದಾದರೆ ಮುಂದೆ ಹೋಗಿ. ಇಲ್ಲವಾದರೆ ಆ ನಡುವಿನ ಮಾತನ್ನೂ ಬರೆಯಿರಿ.

ಅದೇ ಘಟನೆಯ ಬಗ್ಗೆ ಇದನ್ನು ಬರೆದರೆ ತಕರಾರಿಲ್ಲ: 'ದ ಓಲ್ಡ್ ಬ್ರಿಜ್ ಕೊಲ್ಯಾಪ್ಸ್ಡ್. ಆ್ಯಸ್ ಎ ರಿಸಲ್ಟ್, ಆಲ್ ದ ಟ್ರಾಫಿಕ್ ಹ್ಯಾಡ್ ಟು ಯೂಸ್ ದ ನ್ಯೂ ಬ್ರಿಜ್.' ಪಕ್ಕದಲ್ಲಿ ಇದ್ದದ್ದು ಒಂದೇ ಹೊಸ ಸೇತುವೆ. ಕೊಂಡಿ ಕಣ್ಣಿಗೆ ಕಾಣುತ್ತದೆ.

ಸರ್ವೆ ಮಾಡಿ ಬರೆಯುವ ಮಕ್ಕಳಿಗೆ ಇನ್ನೊಂದು ಮಾತು. ಒಂದು ಊರಿನ ಕೆಲವು ಮನೆಗಳಲ್ಲಿ ಪ್ರಶ್ನೆ ಕೇಳಿ, ಕೊನೆಯಲ್ಲಿ 'ದಸ್' ಅಂತ ಶುರುಮಾಡಿ, ಇಡೀ ಉತ್ತರ ಕನ್ನಡದ ಬಗ್ಗೆ ತೀರ್ಪು ಕೊಡುತ್ತಾರೆ. ಭಟ್ಕಳದ ಕಡಲಿಗೂ ಮುಂಡಗೋಡಿನ ಬಯಲಿಗೂ ಒಂದೇ ಮಾತು ಹೊಂದುತ್ತದೆಯೇ? ಇಂಥ ಕಡೆ ತೀರ್ಮಾನದ ಪದ ಬಿಟ್ಟು ಕ್ರಿಯಾಪದವನ್ನು ಮೆತ್ತಗೆ ಮಾಡಿ. 'ಪ್ರೂವ್ಸ್' ತುಂಬ ಗಟ್ಟಿ, 'ಶೋಸ್' ಅದಕ್ಕಿಂತ ಸ್ವಲ್ಪ ಕಡಿಮೆ, 'ಸಜೆಸ್ಟ್ಸ್' ಸುರಕ್ಷಿತ. 'ದಿಸ್ ಸಜೆಸ್ಟ್ಸ್ ದ್ಯಾಟ್' ಅಂತ ಬರೆದವರನ್ನು ಪರೀಕ್ಷಕರು ಸುಮ್ಮನೆ ಹಿಡಿದು ಕೇಳುವುದಿಲ್ಲ.

ಹಂತ 3: ಸಂಬಂಧಕ್ಕೆ ತಕ್ಕ ಪದ ಆರಿಸಿ

ದೇರ್‌ಫೋರ್. 'ಅಂದಮೇಲೆ' ಬಗೆಯ ತೀರ್ಮಾನಕ್ಕೆ ಹೇಳಿ ಮಾಡಿಸಿದ ಪದ. ಹೈಸ್ಕೂಲ್ ಜ್ಯಾಮಿತಿಯಲ್ಲಿ ಹಾಕುತ್ತಿದ್ದ ಮೂರು ಚುಕ್ಕಿ ನೆನಪಿದೆಯಲ್ಲ? ಆ ಗುರುತನ್ನು 1659ರಲ್ಲಿ ಯೊಹಾನ್ ರಾನ್ ಎಂಬ ಸ್ವಿಸ್ ಗಣಿತಜ್ಞ ತನ್ನ ಬೀಜಗಣಿತದ ಪುಸ್ತಕದಲ್ಲಿ ಬಳಸಿದ. ಮೇಲಿನ ಸಾಲುಗಳಿಂದ ಕೆಳಗಿನ ಸಾಲು ಬಂದೇ ಬರುತ್ತದೆ ಅಂತ ಅದರ ಅರ್ಥ. ಪ್ರಬಂಧದಲ್ಲೂ ಆ ಬಿಗಿ ಇರುವ ಕಡೆ ಈ ಪದ ಹಾಕಿ: 'ಕೈಗಾ ಹ್ಯಾಸ್ ಫೋರ್ ಆಪರೇಟಿಂಗ್ ಯೂನಿಟ್ಸ್ ಆಫ್ 220 ಮೆಗಾವ್ಯಾಟ್ಸ್ ಈಚ್. ಇಟ್ಸ್ ಕೆಪ್ಯಾಸಿಟಿ ಈಸ್ ದೇರ್‌ಫೋರ್ 880 ಮೆಗಾವ್ಯಾಟ್ಸ್.'

ಪದ ವಾಕ್ಯದ ಮೊದಲಲ್ಲಿ ಇಲ್ಲ, ನಡುವೆ ಇದೆ. ಓದಲು ಅಲ್ಲೇ ಚೆಂದ. ಪ್ರತಿ ವಾಕ್ಯವನ್ನೂ 'ದೇರ್‌ಫೋರ್' ಎಂದೇ ಶುರುಮಾಡಿದರೆ ವಕೀಲರ ನೋಟಿಸ್ ಓದಿದ ಹಾಗಾಗುತ್ತದೆ. ಸ್ಪೆಲ್ಲಿಂಗಿನ ಕೊನೆಯ 'ಇ' ಅಕ್ಷರ ಬಿಡಬೇಡಿ. ಅದು ಇಲ್ಲದೆ ಬರೆದರೆ ಕಾನೂನಿನ ಬರಹದಲ್ಲಿ ಬರುವ ಬೇರೆಯೇ ಪದ ಆಗುತ್ತದೆ. ಅದೂ ಇಂಗ್ಲಿಷ್ ಪದವೇ ಆದ್ದರಿಂದ ಕಂಪ್ಯೂಟರ್ ಕೆಂಪು ಗೆರೆ ಎಳೆಯದೆ ಬಿಟ್ಟರೂ ಬಿಟ್ಟೀತು.

ಹೆನ್ಸ್. ನಮ್ಮವರ ಅಚ್ಚುಮೆಚ್ಚಿನ ಪದ. ತಪ್ಪಾಗಿ ಬಳಸುವುದಕ್ಕಿಂತ ಜಾಸ್ತಿ ಬಳಸುವುದೇ ಇದರ ಸಮಸ್ಯೆ. ಇಂದಿನ ಇಂಗ್ಲಿಷಿನಲ್ಲಿ ಇದು ಸ್ವಲ್ಪ ಬಿಗುಮಾನದ ಮಾತು. ಆದರೆ ಇದಕ್ಕೆ ಬೇರೆ ಯಾವ ಪದಕ್ಕೂ ಇಲ್ಲದ ಒಂದು ಗುಣ ಇದೆ. ಇದರ ಮುಂದೆ ಪೂರ್ತಿ ವಾಕ್ಯ ಬೇಕಿಲ್ಲ, ಬರೀ ನಾಮಪದ ಸಾಕು.

ರವೀಂದ್ರನಾಥ ಟಾಗೋರರ ಅಣ್ಣ ಸತ್ಯೇಂದ್ರನಾಥ ಟಾಗೋರ್ ಕಾರವಾರದಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದರು. ಇಪ್ಪತ್ತರ ಆಸುಪಾಸಿನ ರವೀಂದ್ರರು ಇಲ್ಲಿಗೆ ಬಂದು ಉಳಿದಿದ್ದರು. ಇದನ್ನು ಬರೆಯುವಾಗ: 'ಟಾಗೋರ್ ಸ್ಟೇಡ್ ಇನ್ ಕಾರವಾರ ಆ್ಯಸ್ ಎ ಯಂಗ್ ಮ್ಯಾನ್, ಹೆನ್ಸ್ ದ ನೇಮ್ ಆಫ್ ದ ಬೀಚ್.' ಇಲ್ಲಿ 'ಹೆನ್ಸ್' ತೆಗೆದು 'ದೇರ್‌ಫೋರ್' ಹಾಕಿ ನೋಡಿ, ವಾಕ್ಯ ಕುಂಟುತ್ತದೆ. ಮೀನಿನ ಮಾತಾದರೂ ಅಷ್ಟೇ. ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. 'ಹೆನ್ಸ್ ದ ಹೈ ಪ್ರೈಸಸ್ ಇನ್ ಜೂನ್.' ಇಷ್ಟೇ ಸಾಕು. 'ಹೆನ್ಸ್ ದ ರೀಸನ್ ವೈ' ಅಂತ ಮಾತ್ರ ಬರೆಯಬೇಡಿ. ಕಾರಣವನ್ನೇ ಎರಡು ಸಲ ಹೇಳಿದಂತೆ.

ದಸ್. ಇದರಲ್ಲಿ ಎರಡು ಅರ್ಥ ಕೂಡಿವೆ: 'ಆದ್ದರಿಂದ' ಒಂದು, 'ಈ ರೀತಿಯಾಗಿ' ಇನ್ನೊಂದು. ಹೇಗೆ ಆಯಿತು ಅಂತ ವಿವರಿಸಿದ ಮೇಲೆ ಹಾಕಿದರೆ ಇದರ ಬಲ ಗೊತ್ತಾಗುತ್ತದೆ. ಕೊಳೆರೋಗಕ್ಕೆ ಹೊಡೆಯುವ ಔಷಧಿಗೆ, ಅಂದರೆ ಬೋರ್ಡೋ ಮಿಶ್ರಣಕ್ಕೆ, ಮೈಲುತುತ್ತದ ಜೊತೆ ಸುಣ್ಣ ಯಾಕೆ ಸೇರಿಸುತ್ತಾರೆ? ಮೈಲುತುತ್ತದ ಆಮ್ಲ ಗುಣವನ್ನು ಸುಣ್ಣ ಕಡಿಮೆ ಮಾಡುತ್ತದೆ, ಎಳೆ ಕಾಯಿ ಸುಡುವುದಿಲ್ಲ. 'ಲೈಮ್ ನ್ಯೂಟ್ರಲೈಸಸ್ ದ ಆ್ಯಸಿಡಿಟಿ ಆಫ್ ಕಾಪರ್ ಸಲ್ಫೇಟ್, ದಸ್ ಪ್ರೊಟೆಕ್ಟಿಂಗ್ ದ ಟೆಂಡರ್ ನಟ್ಸ್.' 'ದಸ್' ಆದ ಮೇಲೆ 'ಇಂಗ್' ರೂಪ ಬಂದಿದೆ. 'ದೇರ್‌ಬೈ' ಕೂಡ ಇದೇ ಜಾಗಕ್ಕೆ ಬರುತ್ತದೆ. 'ದಸ್ಲಿ' ಅಂತ ಉದ್ದ ಮಾಡುವ ಅಗತ್ಯ ಇಲ್ಲ.

ಆ್ಯಸ್ ಎ ರಿಸಲ್ಟ್, ಕಾನ್ಸಿಕ್ವೆಂಟ್ಲಿ. ಇವೆರಡೂ ಮುಖ್ಯವಾಗಿ 'ಅದರಿಂದ ಹೀಗಾಯಿತು' ಬಗೆಗೆ. ಮೊದಲನೆಯದು ಸರಳ, ಎರಡನೆಯದು ವರದಿಯ ಭಾಷೆ. 'ಆಫ್' ಸೇರಿದರೆ ಮುಂದೆ ನಾಮಪದ ಬರಬೇಕು: 'ಆ್ಯಸ್ ಎ ರಿಸಲ್ಟ್ ಆಫ್ ದ ಲ್ಯಾಂಡ್‌ಸ್ಲೈಡ್, ದ ಘಾಟ್ ರೋಡ್ ವಾಸ್ ಕ್ಲೋಸ್ಡ್.'

'ಕಾನ್ಸಿಕ್ವೆಂಟ್ಲಿ' ಹಾಕಬೇಕಾದಲ್ಲಿ 'ಸಬ್ಸಿಕ್ವೆಂಟ್ಲಿ' ಹಾಕುವವರು ತುಂಬ ಜನ. ನಮ್ಮ ಜಿಲ್ಲೆಯ ಚರಿತ್ರೆಯಲ್ಲೇ ಎರಡಕ್ಕೂ ಉದಾಹರಣೆ ಇದೆ. 1956ರಲ್ಲಿ ರಾಜ್ಯಗಳ ಪುನರ್ವಿಂಗಡಣೆ ಕಾಯ್ದೆ ಬಂತು. ಅದರ ಪರಿಣಾಮವಾಗಿ ಜಿಲ್ಲೆ ಮುಂಬಯಿ ರಾಜ್ಯ ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿತು. ಇದು 'ಕಾನ್ಸಿಕ್ವೆಂಟ್ಲಿ'. 1973ರಲ್ಲಿ ಮೈಸೂರು ರಾಜ್ಯ ಕರ್ನಾಟಕ ಆಯಿತು. ನಮ್ಮ ಜಿಲ್ಲೆ ಸೇರಿದ್ದಕ್ಕೆ ಹೆಸರು ಬದಲಾಯಿತು ಅಂತಲ್ಲ, ಸೇರಿದ ಮೇಲೆ ಬದಲಾಯಿತು ಅಷ್ಟೇ. ಇದು 'ಸಬ್ಸಿಕ್ವೆಂಟ್ಲಿ'. ಒಂದರಲ್ಲಿ ಕಾರಣ, ಇನ್ನೊಂದರಲ್ಲಿ ಬರೀ ಕಾಲ.

ಅಕಾರ್ಡಿಂಗ್ಲಿ. 'ಅದಕ್ಕೇ ಹೀಗೆ ಮಾಡಿದರು' ಬಗೆಗೆ ತಕ್ಕದ್ದು. 'ದ ಡಿಸಿ ಡಿಕ್ಲೇರ್ಡ್ ಎ ಹಾಲಿಡೇ. ಅಕಾರ್ಡಿಂಗ್ಲಿ, ದ ಎಗ್ಸಾಮ್ ವಾಸ್ ಪೋಸ್ಟ್‌ಪೋನ್ಡ್.' ಮಳೆ, ರೋಗ, ಬೆಲೆ ಏರಿಕೆ ಇಂಥವು ತಾವಾಗಿ ಆಗುವಂಥವು. ಅವಕ್ಕೆ ಈ ಪದ ಬೇಡ.

ಸೋ. ಇದನ್ನು ಕೀಳಾಗಿ ನೋಡಬೇಡಿ. ಇಮೇಲ್, ಪತ್ರ, ಸಾಮಾನ್ಯ ಲೇಖನಕ್ಕೆ 'ಸೋ' ಸಾಕು, ಎಷ್ಟೋ ಸಲ ಅದೇ ಒಳ್ಳೆಯದು. ಅದರಿಂದ ವಾಕ್ಯ ಶುರುಮಾಡಬಾರದು ಅಂತ ಹೆದರಿಸುತ್ತಾರೆ, ಅಂಥ ನಿಯಮ ಏನಿಲ್ಲ. ಸಂಶೋಧನಾ ವರದಿಯಲ್ಲಿ ಪದೇ ಪದೇ ಬಂದರೆ ಮಾತು ಹಗುರವಾಗುತ್ತದೆ, ಅಷ್ಟೇ.

ಇನ್ನು 'ಇನ್ ಕನ್‌ಕ್ಲೂಶನ್'. ಇದು ತರ್ಕದ ಪದವೇ ಅಲ್ಲ. ಬರಹ ಮುಗಿಯುತ್ತಿದೆ ಅಂತ ಹೇಳುತ್ತದೆ, ಬೇರೇನೂ ಇಲ್ಲ. 'ಇಂಪ್ಲೈ', 'ಇನ್ಫರ್' ಎರಡನ್ನೂ ಅದಲುಬದಲು ಮಾಡಬೇಡಿ. ಅಂಕಿಅಂಶ 'ಇಂಪ್ಲೈ' ಮಾಡುತ್ತದೆ, ಅಂದರೆ ಸೂಚಿಸುತ್ತದೆ. ಅದನ್ನು ಓದಿದ ನಾವು 'ಇನ್ಫರ್' ಮಾಡುತ್ತೇವೆ, ಅಂದರೆ ಅದರಿಂದ ತಿಳಿದುಕೊಳ್ಳುತ್ತೇವೆ.

ಊಹೆಯ ತೀರ್ಮಾನಕ್ಕೆ 'ಮಸ್ಟ್' ಇದೆ. ಬಂದರಿನಲ್ಲಿ ಒಂದು ಬೋಟೂ ಕಾಣುತ್ತಿಲ್ಲ: 'ದೇ ಮಸ್ಟ್ ಹ್ಯಾವ್ ಗಾನ್ ಔಟ್ ಟು ಸೀ.' ಎಲ್ಲ ಬೋಟೂ ದಡದಲ್ಲೇ ಇವೆ: 'ದೇ ಕಾಂಟ್ ಹ್ಯಾವ್ ಗಾನ್ ಔಟ್.' ಎರಡನೆಯದರಲ್ಲಿ 'ಮಸ್ಟ್ ನಾಟ್' ಬರೆಯಬೇಡಿ. 'ದೇ ಮಸ್ಟ್ ನಾಟ್ ಗೋ' ಅಂದರೆ ಹೋಗಬಾರದು ಅಂತ ಅಪ್ಪಣೆ ಕೊಟ್ಟ ಹಾಗೆ.

ಹಂತ 4: ಕಾಮಾ, ಸೆಮಿಕೋಲನ್

ಅತಿ ಹೆಚ್ಚು ತಪ್ಪು ಆಗುವುದು ಇಲ್ಲಿ. ಕನ್ನಡದಲ್ಲಿ 'ಮಳೆ ಬಂತು, ಆದ್ದರಿಂದ ಆಟ ನಿಂತಿತು' ಅಂತ ಕಾಮಾ ಹಾಕಿ ಬರೆದರೆ ಯಾರೂ ಏನೂ ಅನ್ನುವುದಿಲ್ಲ. ಅದೇ ಅಭ್ಯಾಸದಲ್ಲಿ ಬರೆಯುತ್ತೇವೆ: 'ಇಟ್ ರೇನ್ಡ್ ಹೆವಿಲಿ, ದೇರ್‌ಫೋರ್ ದ ಮ್ಯಾಚ್ ವಾಸ್ ಸ್ಟಾಪ್ಡ್.' ಇಂಗ್ಲಿಷಿನಲ್ಲಿ ಇದು ತಪ್ಪು. 'ದೇರ್‌ಫೋರ್' ಕ್ರಿಯಾವಿಶೇಷಣ. ಎರಡು ಪೂರ್ಣ ವಾಕ್ಯಗಳನ್ನು ಜೋಡಿಸುವ ಶಕ್ತಿ ಅದಕ್ಕಿಲ್ಲ. ಬರೀ ಕಾಮಾಗೂ ಇಲ್ಲ.

ಸರಿ ಮಾಡಲು ಮೂರು ದಾರಿ ಇದೆ. ಪೂರ್ಣವಿರಾಮ ಹಾಕಿ ಹೊಸ ವಾಕ್ಯ ಶುರುಮಾಡಬಹುದು: 'ಇಟ್ ರೇನ್ಡ್ ಹೆವಿಲಿ. ದೇರ್‌ಫೋರ್, ದ ಮ್ಯಾಚ್ ವಾಸ್ ಸ್ಟಾಪ್ಡ್.' ಮೊದಲು ಸೆಮಿಕೋಲನ್, ನಂತರ ಕಾಮಾ ಹಾಕಬಹುದು: 'ಇಟ್ ರೇನ್ಡ್ ಹೆವಿಲಿ; ದೇರ್‌ಫೋರ್, ದ ಮ್ಯಾಚ್ ವಾಸ್ ಸ್ಟಾಪ್ಡ್.' 'ಆ್ಯಂಡ್' ಸೇರಿಸಬಹುದು: 'ಇಟ್ ರೇನ್ಡ್ ಹೆವಿಲಿ, ಆ್ಯಂಡ್ ದೇರ್‌ಫೋರ್ ದ ಮ್ಯಾಚ್ ವಾಸ್ ಸ್ಟಾಪ್ಡ್.' ಸೆಮಿಕೋಲನ್ ಕಂಡರೆ ಕೈ ನಡುಗುವವರು ಮೊದಲ ದಾರಿಯಲ್ಲೇ ಹೋಗಿ, ಏನೂ ಕಮ್ಮಿಯಾಗುವುದಿಲ್ಲ. 'ಕಾನ್ಸಿಕ್ವೆಂಟ್ಲಿ', 'ಆ್ಯಸ್ ಎ ರಿಸಲ್ಟ್', 'ಅಕಾರ್ಡಿಂಗ್ಲಿ' ಇವಕ್ಕೂ ಇದೇ ಕ್ರಮ. 'ಹೆನ್ಸ್', 'ದಸ್' ಆದ ಮೇಲಿನ ಕಾಮಾ ಮಾತ್ರ ನಿಮ್ಮಿಷ್ಟ.

'ಸೋ' ಮಾತ್ರ ಬೇರೆ. ಅದು ಜೋಡಿಸುವ ಪದ. ಮುಂಚೆ ಒಂದು ಕಾಮಾ ಸಾಕು, ನಂತರ ಬೇಡ: 'ಇಟ್ ರೇನ್ಡ್ ಹೆವಿಲಿ, ಸೋ ದ ಮ್ಯಾಚ್ ವಾಸ್ ಸ್ಟಾಪ್ಡ್.' 'ಸೋ ದ್ಯಾಟ್' ಉದ್ದೇಶ ಹೇಳುವಾಗ ಮುಂಚಿನ ಕಾಮಾ ಕೂಡ ಬೇಡ: 'ದೇ ಕವರ್ಡ್ ದ ಬಂಚಸ್ ಸೋ ದ್ಯಾಟ್ ದ ರೇನ್ ವುಡ್ ನಾಟ್ ರೀಚ್ ದ ನಟ್ಸ್.' ಅಡಿಕೆ ಗೊಂಚಲಿಗೆ ಕೊಟ್ಟೆ, ಅಂದರೆ ಹೊದಿಕೆ, ಕಟ್ಟುವ ಕೆಲಸವನ್ನು ಹೀಗೆ ಬರೆಯಬಹುದು.

'ಐ ಥಿಂಕ್, ದೇರ್‌ಫೋರ್ ಐ ಆ್ಯಮ್' ಅಂತ ಡೆಕಾರ್ಟನ ಮಾತು ಇದೆಯಲ್ಲ, ಅಲ್ಲಿ ಬರೀ ಕಾಮಾ ಇದೆ ಅಂತ ಜಾಣ ವಿದ್ಯಾರ್ಥಿಗಳು ಕೇಳುತ್ತಾರೆ. ಹೌದು. 1637ರಲ್ಲಿ ಆತ ಫ್ರೆಂಚಿನಲ್ಲಿ ಬರೆದದ್ದು ಇಂಗ್ಲಿಷಿಗೆ ಬಂದು ಹಾಗೆಯೇ ರೂಢಿಯಾಗಿದೆ. ಎರಡು ಪುಟ್ಟ ವಾಕ್ಯ, ಎಲ್ಲರಿಗೂ ಬಾಯಿಪಾಠ. ನಿಮ್ಮ ವರದಿಗೆ ಆ ರಿಯಾಯಿತಿ ಸಿಗುವುದಿಲ್ಲ.

ಹಂತ 5: ಜೋಡಿ ಪದ ಇದ್ದರೆ ಒಂದನ್ನು ಕಿತ್ತುಹಾಕಿ

'ಆ್ಯಸ್ ಐ ವಾಸ್ ಸಫರಿಂಗ್ ಫ್ರಮ್ ಫೀವರ್, ಸೋ ಐ ಕುಡ್ ನಾಟ್ ಅಟೆಂಡ್ ದ ಕ್ಲಾಸ್.' ರಜಾ ಅರ್ಜಿಯ ಈ ವಾಕ್ಯ ಕಾಣದ ಊರಿಲ್ಲ. 'ಆ್ಯಸ್' ಒಂದು ಸಲ ಕಾರಣ ಹೇಳಿದೆ, 'ಸೋ' ಮತ್ತೆ ಅದನ್ನೇ ಹೇಳುತ್ತಿದೆ. 'ಬಿಕಾಸ್', 'ಸಿನ್ಸ್', 'ಆ್ಯಸ್' ಯಾವುದಾದರೂ ಮೊದಲ ಭಾಗದಲ್ಲಿ ಬಂದಿದ್ದರೆ ಎರಡನೇ ಭಾಗದಲ್ಲಿ 'ಸೋ', 'ಹೆನ್ಸ್', 'ದೇರ್‌ಫೋರ್' ಬರಬಾರದು. ಯಾವುದನ್ನು ತೆಗೆದರೂ ಆದೀತು. 'ಐ ಹ್ಯಾಡ್ ಫೀವರ್, ಸೋ ಐ ಕುಡ್ ನಾಟ್ ಅಟೆಂಡ್ ದ ಕ್ಲಾಸ್' ಚಿಕ್ಕದೂ ಹೌದು, ಸರಿಯೂ ಹೌದು.

ಅದೇ ಅರ್ಜಿಯ ಕೊನೆಗೆ 'ಹೆನ್ಸ್ ಐ ರಿಕ್ವೆಸ್ಟ್ ಯೂ' ಇದ್ದೇ ಇರುತ್ತದೆ. ವ್ಯಾಕರಣದಲ್ಲಿ ತಪ್ಪಲ್ಲ, ನಮ್ಮ ಆಫೀಸುಗಳ ಹಳೆಯ ಪದ್ಧತಿ. ತಾಲೂಕು ಕಚೇರಿಗೆ ಬರೆಯುವಾಗ ಇರಲಿ, ಯಾರಿಗೂ ತೊಂದರೆ ಇಲ್ಲ. ಹೊರದೇಶದ ವಿಶ್ವವಿದ್ಯಾಲಯಕ್ಕೋ ಕಂಪನಿಗೋ ಬರೆಯುವಾಗ 'ಐ ದೇರ್‌ಫೋರ್ ರಿಕ್ವೆಸ್ಟ್' ಅಂತ ಮಾಡಿ. ಇನ್ನೂ ಸರಳ ಬೇಕಾದರೆ 'ಕುಡ್ ಯೂ ಪ್ಲೀಸ್' ಅಂತ ನೇರವಾಗಿ ಕೇಳಿ.

ಹಂತ 6: ಬರೆದಾದ ಮೇಲೆ ಹುಡುಕಿ ತಿದ್ದಿ

ಕಂಟ್ರೋಲ್ ಮತ್ತು ಎಫ್ ಒತ್ತಿ. 'ಹೆನ್ಸ್' ಹುಡುಕಿ, ಆಮೇಲೆ 'ದೇರ್‌ಫೋರ್', 'ದಸ್' ಹೀಗೆ ಒಂದೊಂದೇ. ಸಿಕ್ಕಿದ ಕಡೆಯಲ್ಲೆಲ್ಲ ಪದವನ್ನು ಬೆರಳಿನಿಂದ ಮುಚ್ಚಿ ಎರಡೂ ವಾಕ್ಯ ಓದಿ. ಸಂಬಂಧ ತಾನಾಗಿ ತಿಳಿದರೆ ಅಳಿಸಿ. ತಿಳಿಯದಿದ್ದರೆ ಹಂತ 1ರ ಪ್ರಶ್ನೆ ಕೇಳಿ. ಅಭ್ಯಾಸಕ್ಕೆಂದು ನಾನೇ ಕಟ್ಟಿದ ಒಂದು ಪ್ಯಾರಾ ಇಲ್ಲಿದೆ. ಮಕ್ಕಳಿಗೆ ಕೊಡುವುದೂ ಇದನ್ನೇ:

'ಬಿಕಾಸ್ ದ ರೇನ್‌ಫಾಲ್ ವಾಸ್ ಹೆವಿ ಇನ್ ಜುಲೈ, ಹೆನ್ಸ್ ಕೊಳೆರೋಗ ಸ್ಪ್ರೆಡ್ ಫಾಸ್ಟ್. ದ ಫಾರ್ಮರ್ಸ್ ಕುಡ್ ನಾಟ್ ಸ್ಪ್ರೇ ಆನ್ ಟೈಮ್, ದೇರ್‌ಫೋರ್ ದ ಲಾಸ್ ವಾಸ್ ಹೈ. ದಸ್ ಬೋರ್ಡೋ ಮಿಕ್ಶ್ಚರ್ ಈಸ್ ನಾಟ್ ಎಫೆಕ್ಟಿವ್. ಹೆನ್ಸ್ ದ ಗವರ್ನಮೆಂಟ್ ಶುಡ್ ಗಿವ್ ಎ ಸಬ್ಸಿಡಿ ಫಾರ್ ಇಟ್.'

ಮೊದಲ ವಾಕ್ಯದಲ್ಲಿ ಜೋಡಿ ಪದ. ಎರಡನೆಯದರಲ್ಲಿ ಕಾಮಾ ತಪ್ಪು, ಮೇಲಾಗಿ ಅದು 'ಆಯಿತು' ಬಗೆಯದು. ಇವು ಸಣ್ಣವು. ಮೂರನೆಯದನ್ನು ಮುಚ್ಚಿ ಓದಿ. ರೈತರಿಗೆ ಸಮಯಕ್ಕೆ ಔಷಧಿ ಹೊಡೆಯಲು ಆಗಲಿಲ್ಲ ಅಂತ ಈಗಷ್ಟೇ ಹೇಳಿದ್ದಾರೆ. ಹೊಡೆಯದ ಔಷಧಿ ಕೆಲಸ ಮಾಡಲಿಲ್ಲ ಅಂತ ದೂರಿದರೆ ಹೇಗೆ? ನಾಲ್ಕನೆಯದು ಅದಕ್ಕಿಂತ ತಮಾಷೆ. ಕೆಲಸ ಮಾಡದ ಔಷಧಿಗೆ ಸಬ್ಸಿಡಿ ಬೇರೆ ಬೇಕಂತೆ! ನಾಲ್ಕೂ ಪದ ಗತ್ತಿನಿಂದ ಕೂತಿದ್ದವು, ಅದಕ್ಕೇ ತರ್ಕ ಎಲ್ಲಿ ಹರಿಯಿತು ಅಂತ ಬೇಗ ಗೊತ್ತಾಗಲಿಲ್ಲ.

ತಿದ್ದಿದ ಮೇಲೆ: 'ದ ರೇನ್‌ಫಾಲ್ ವಾಸ್ ಹೆವಿ ಇನ್ ಜುಲೈ, ಸೋ ಕೊಳೆರೋಗ ಸ್ಪ್ರೆಡ್ ಫಾಸ್ಟ್. ದ ಫಾರ್ಮರ್ಸ್ ಕುಡ್ ನಾಟ್ ಸ್ಪ್ರೇ ಆನ್ ಟೈಮ್. ಆ್ಯಸ್ ಎ ರಿಸಲ್ಟ್, ದ ಲಾಸ್ ವಾಸ್ ಹೈ. ದ ಲಾಸ್ ದೇರ್‌ಫೋರ್ ಟೆಲ್ಸ್ ಅಸ್ ಲಿಟಲ್ ಅಬೌಟ್ ದ ಮಿಕ್ಶ್ಚರ್ ಇಟ್ಸೆಲ್ಫ್.'

ಸಬ್ಸಿಡಿಯ ವಾಕ್ಯವನ್ನು ಇಲ್ಲಿಂದ ತೆಗೆದಿದ್ದೇನೆ. ಮೈಲುತುತ್ತದ ಬೆಲೆ, ಅಡಿಕೆ ಮರ ಹತ್ತುವ ಕೊನೆಗೌಡರ ಕೂಲಿ ಇವುಗಳ ಲೆಕ್ಕ ವರದಿಯಲ್ಲಿ ಇದ್ದರೆ ಅದು ಆ ಲೆಕ್ಕದ ಕೆಳಗೆ ಬರಲಿ.